ಕೊಡಗಿನ ಮಳೆಯಲ್ಲಿ ಹಳೇ ಸೈನ್ಸ್ ಫಿಕ್ಷನ್ ಗೊಂಬೆಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕಕ್ಕಡ ತಿಂಗಳಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಇಲ್ಲಿ ಕೂತು ನಲವತ್ತು ವರ್ಷ ಹಳೆಯ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲು ಆಡಿಸಬಹುದಾದ ಗೊಂಬೆ, ಕೂಡಿಡುತ್ತೇನೆ ಅಂದರೆ ಮೊದಲು ಮಳೆಯ ಲೆಕ್ಕ ಹಾಕಬೇಕು. ಬೆಲೆಯ ಲೆಕ್ಕ ಆಮೇಲೆ. ಅಮೆರಿಕ, ಇಂಗ್ಲೆಂಡಿನ ಸಂಗ್ರಾಹಕರು ಕೊಡುವ ಸಲಹೆ ಒಳ್ಳೆಯದೇ, ಆದರೆ ಅದು ಒಣ ಕೋಣೆಯಲ್ಲಿ ಕೂತವರ ಸಲಹೆ. ಅವರು ಬಿಸಿಲಿಗೆ, ಸೆಕೆಗೆ ಹೆದರುತ್ತಾರೆ. ನಮಗೆ ಭಯ ತೇವದ್ದು. ಹಾಗಾಗಿ ಅವರು ಮೇಲಿಟ್ಟ ಕೆಲವು ವಸ್ತು ನಮ್ಮಲ್ಲಿ ಕೆಳಗೆ ಬರುತ್ತವೆ, ಅವರು ಅಷ್ಟಾಗಿ ಎಣಿಸದ ಕೆಲವು ನಮ್ಮಲ್ಲಿ ಮೇಲೆ ಹೋಗುತ್ತವೆ.

ಜಿಲ್ಲೆಯೊಳಗೂ ಒಂದೇ ಲೆಕ್ಕ ಇಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಗಾಳಿ ಒಣ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ವಾರಗಟ್ಟಲೆ ಗೋಡೆಯೇ ಬೆವರುತ್ತದೆ. ಕೆಳಗೆ ನಾನು ಹೇಳುವುದು ಹೆಚ್ಚಾಗಿ ಈ ಎರಡನೇ ಗುಂಪಿನವರಿಗೆ.

ಕಾರ್ಡಿನಲ್ಲಿರುವುದೋ, ಬಿಡಿ ಗೊಂಬೆಯೋ

ಇದೇ ದೊಡ್ಡ ಪ್ರಶ್ನೆ. ಅಂಗಡಿಯಲ್ಲಿ ನೇತುಹಾಕಿದಂತೆಯೇ, ರಟ್ಟಿನ ಕಾರ್ಡಿನ ಮೇಲೆ ಪ್ಲಾಸ್ಟಿಕ್ ಬಬಲ್ ಒಳಗೆ, ಯಾರೂ ತೆರೆಯದೆ ಉಳಿದ ಗೊಂಬೆಗೆ ಜಗತ್ತಿನಾದ್ಯಂತ ಬೆಲೆ ಜಾಸ್ತಿ. ಬಿಡಿ ಗೊಂಬೆಗಿಂತ ಹಲವು ಪಟ್ಟು ಹೆಚ್ಚು. ನೇತುಹಾಕಲು ಮೇಲೆ ಇರುವ ತೂತಿನ ರಟ್ಟು ಕೂಡ ಕಿತ್ತಿರದಿದ್ದರೆ ಇನ್ನೂ ಜಾಸ್ತಿ. ನೋಡಲೂ ಚೆಂದ. ಆ ಕಾಲದ ಚಿತ್ರ, ಬಣ್ಣ, ಬೆಲೆಯ ಚೀಟಿ ಎಲ್ಲಾ ಹಾಗೇ ಇರುತ್ತದೆ.

ಆದರೆ ಆ ಬೆಲೆಯಲ್ಲಿ ಮುಕ್ಕಾಲು ಪಾಲು ಇರುವುದು ರಟ್ಟಿನಲ್ಲಿ. ರಟ್ಟು ಅಂದರೆ ಕಾಗದ. ಕಾಗದ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ, ಮತ್ತೆ ಕುಡಿಯುತ್ತದೆ. ಒಂದೆರಡು ಮಳೆಗಾಲ ಹೀಗಾದರೆ ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಅಂಚಿನಲ್ಲಿ ಪದರ ಬಿಡುತ್ತದೆ. ಮುಂದಿನ ಚಿತ್ರದ ಮೇಲೆ ಕಂದು ಚುಕ್ಕೆ ಏಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬಬಲ್ ಅಂಟಿಸಿದ ಗೋಂದು. ಹಳೇ ಗೋಂದು ಮೊದಲೇ ಒಣಗಿರುತ್ತದೆ, ರಟ್ಟು ಬಾಗಿದಾಗ ಒಂದು ಮೂಲೆ ಟಪ್ಪೆಂದು ಎದ್ದುಬಿಡುತ್ತದೆ. ಮೂಲೆ ಎದ್ದ ಕಾರ್ಡನ್ನು ಮುಂದೆ ಯಾರೂ 'ತೆರೆಯದ್ದು' ಎಂದು ನಂಬುವುದಿಲ್ಲ. ಅಷ್ಟು ದಿನ ಕಾಪಾಡಿದ್ದೆಲ್ಲ ಹೋಯಿತು.

ಗ್ರೇಡ್ ಮಾಡಿಸಿದ ಗೊಂಬೆ ತೆಗೆದುಕೊಂಡರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಅಮೆರಿಕದ ಎಎಫ್ಎ, ಸಿಎಎಸ್‌ನಂಥ ಸಂಸ್ಥೆಗಳು ಗೊಂಬೆಯ ಸ್ಥಿತಿಗೆ ನೂರರ ಲೆಕ್ಕದಲ್ಲಿ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುತ್ತವೆ. ಆ ಪೆಟ್ಟಿಗೆ ಧೂಳು ತಡೆಯುತ್ತದೆ, ಕೈ ತಾಗದಂತೆ ನೋಡಿಕೊಳ್ಳುತ್ತದೆ, ಅಸಲಿ ಎಂಬ ಧೈರ್ಯ ಕೊಡುತ್ತದೆ. ಆದರೆ ತೇವದ ಗಾಳಿ ನಿಧಾನವಾಗಿ ಒಳಗೆ ಹೋಗಿಯೇ ಹೋಗುತ್ತದೆ. ಒಳಗೆ ಹೋದದ್ದು ಹೊರಗೆ ಬರುವುದೂ ನಿಧಾನವೇ. ಹಾಗಾಗಿ ಗ್ರೇಡ್ ಮಾಡಿಸಿದ ಗೊಂಬೆಗೂ ಒಣ ಕಪಾಟು ಬೇಕೇ ಬೇಕು.

ಬಿಡಿ ಗೊಂಬೆ ಬೇರೆ ಮಾತು. ಗಟ್ಟಿ ಪ್ಲಾಸ್ಟಿಕ್ ನೀರಿಗೆ ಹೆದರುವುದಿಲ್ಲ. ಬೂಷ್ಟು ಕೂತರೂ ಉಗುರು ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್ ಇದ್ದರೆ ಹೋಗುತ್ತದೆ. ನಮ್ಮ ತಂಪು ಹವೆ ಅದಕ್ಕೆ ಒಳ್ಳೆಯದೂ ಹೌದು. ಹಳೇ ಪಿವಿಸಿ ಕೈಕಾಲು ಸೆಕೆಯ ಊರುಗಳಲ್ಲಿ ಬೇಗ ಅಂಟಂಟಾಗುತ್ತದೆ, ಯಾಕೆಂದರೆ ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಸೆಕೆಗೆ ಹೊರಗೆ ಒಸರುತ್ತದೆ. ಇಲ್ಲಿ ಆ ಕಾಟ ಕಡಿಮೆ.

ನನ್ನ ತೀರ್ಮಾನ ನೇರ. ಮಡಿಕೇರಿ ಕಡೆಯವರು ಬಿಡಿ ಗೊಂಬೆ ತೆಗೆದುಕೊಳ್ಳಿ, ಆದರೆ ಆಯುಧ, ಟೋಪಿ, ಹೆಗಲಿಗೆ ಹೊದೆಸುವ ಕೇಪು ಎಲ್ಲಾ ಇರುವ ಪೂರ್ತಿ ಗೊಂಬೆಯನ್ನೇ ತೆಗೆದುಕೊಳ್ಳಿ. ಕಾರ್ಡಿನ ಮೇಲೆ ಆಸೆ ಇದ್ದರೆ ಒಂದೋ ಎರಡೋ ಸಾಕು, ಅದೂ ತೇವ ಹೀರುವ ವಿದ್ಯುತ್ ಕಪಾಟು, ಡ್ರೈ ಕ್ಯಾಬಿನೆಟ್, ಮನೆಗೆ ಬಂದ ಮೇಲೆ. ಕುಶಾಲನಗರದವರು ಸ್ವಲ್ಪ ಧೈರ್ಯ ಮಾಡಬಹುದು.

ಯಾವ ಸಾಲಿನ ಗೊಂಬೆ

ಬಹಳ ಜನ ಶುರು ಮಾಡುವುದು ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಗೊಂಬೆಗಳಿಂದ. ಶುರು ಮಾಡಲು ಅದು ಒಳ್ಳೆಯ ಜಾಗವೇ. ಸಿನಿಮಾ ಬಂದದ್ದು 1977ರ ಮೇ ತಿಂಗಳಲ್ಲಿ. ಅಷ್ಟು ದೊಡ್ಡ ಗೆಲುವನ್ನು ಯಾರೂ ಎಣಿಸಿರಲಿಲ್ಲ, ಕ್ರಿಸ್‌ಮಸ್ ಹೊತ್ತಿಗೆ ಗೊಂಬೆ ತಯಾರಿರಲಿಲ್ಲ. ಕೆನ್ನರ್‌ನವರು ಗೊಂಬೆಯೇ ಇಲ್ಲದ ರಟ್ಟಿನ ಲಕೋಟೆ ಮಾರಿದರು. ಒಳಗಿದ್ದ ಚೀಟಿ ಕಳಿಸಿದರೆ 1978ರಲ್ಲಿ ನಾಲ್ಕು ಗೊಂಬೆ ಅಂಚೆಯಲ್ಲಿ ಬರುತ್ತಿದ್ದವು: ಲ್ಯೂಕ್, ಲೇಯಾ, ಚ್ಯೂಬಕ್ಕ, ಆರ್2-ಡಿ2. ಆಮೇಲೆ 1985ರವರೆಗೆ ಸಾಲು ನೂರರ ಹತ್ತಿರ ಬೆಳೆಯಿತು. ಎಲ್ಲಾ ಮೂರೂಮುಕ್ಕಾಲು ಇಂಚಿನ ಅಳತೆಯವು. ಕಡಿಮೆ ಜಾಗ, ಸರಳ ಕೀಲು, ಹೆಚ್ಚಿನವಕ್ಕೆ ಸ್ಕ್ರೂ ಇಲ್ಲ, ಸ್ಪ್ರಿಂಗ್ ಇಲ್ಲ, ತುಕ್ಕು ಹಿಡಿಯಲು ಏನೂ ಇಲ್ಲ. ನಮ್ಮ ಹವೆಗೆ ಹೇಳಿಮಾಡಿಸಿದ ಹಾಗಿದೆ.

ಆದರೆ ಈ ಸಾಲಿನೊಳಗೂ ಆರಿಸಬೇಕು. ಆರ್2-ಡಿ2 ಮೈಮೇಲಿನ ನೀಲಿ ಗೆರೆಗಳೆಲ್ಲ ಸುತ್ತಿ ಅಂಟಿಸಿದ ಸ್ಟಿಕ್ಕರ್. ಗೊಂಬೆಯ ತಲೆ ತಿರುಗಿಸಿದರೆ ಈಗಲೂ ಟಿಕ್ ಟಿಕ್ ಅನ್ನುತ್ತದೆ, ಆ ಸದ್ದು ಕೇಳಲೇ ಒಂದು ಖುಷಿ. ಆದರೆ ಸ್ಟಿಕ್ಕರಿನ ಹೊಲಿಗೆಯ ಹಾಗೆ ಕೂಡಿದ ಅಂಚು ತೇವಕ್ಕೆ ಏಳುತ್ತದೆ, ಎದ್ದ ಮೇಲೆ ಕೆಳಗೆ ಧೂಳು ಸೇರುತ್ತದೆ. ಸಿ-3ಪಿಒ ಮೇಲೆ ಚಿನ್ನದ ಬಣ್ಣದ ತೆಳು ಲೇಪ. ಕೈ ಬೆವರಿಗೇ ಸವೆಯುವ ಲೇಪ ಅದು. ಸ್ಟಾರ್ಮ್‌ಟ್ರೂಪರ್ ಬಿಳಿ ಗೊಂಬೆ, ಬೆಳಕಿಗೆ ಹಳದಿಯಾಗುತ್ತದೆ. ಅದೂ ಸಮನಾಗಿ ಆಗುವುದಿಲ್ಲ, ಎದೆ ಒಂದು ಬಣ್ಣ, ಕೈಕಾಲು ಇನ್ನೊಂದು ಬಣ್ಣ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬೆಳ್ಳಗೆ ಮಾಡಿ ಮಾರುವವರಿದ್ದಾರೆ. ಆ ಬಿಳುಪು ನಿಲ್ಲುವ ಖಾತ್ರಿ ಇಲ್ಲ. ಕೇಳಿಯೇ ಕೊಳ್ಳಿ.

ಅಪರೂಪದ್ದೇ ಬೇಕು ಅನ್ನುವವರಿಗೆ ಈ ಸಾಲಿನಲ್ಲಿ ಎರಡು ದಾರಿ ಇವೆ. ಒಂದು, 1978ರ ಮೊದಲ ತಯಾರಿಕೆಯ ವ್ಯತ್ಯಾಸಗಳು. ಲ್ಯೂಕ್, ವೇಡರ್, ಬೆನ್ ಕೆನೋಬಿ ಗೊಂಬೆಗಳ ಕೈಯೊಳಗಿಂದ ಕತ್ತಿ ಜಾರಿ ಹೊರಬರುತ್ತದೆ. ಮೊದಮೊದಲು ಬಂದವುಗಳಲ್ಲಿ ಆ ಕತ್ತಿಯ ಒಳಗಿಂದ ಇನ್ನೊಂದು ಸಪೂರ ಎಳೆ ಹೊರಗೆ ಎಳೆಯಬಹುದಿತ್ತು. ಮುರಿಯುತ್ತದೆ ಎಂದು ಬೇಗ ನಿಲ್ಲಿಸಿದರು. ಲ್ಯೂಕ್ ಆಗಾಗ ಸಿಗುತ್ತಾನೆ, ವೇಡರ್ ಮತ್ತು ಬೆನ್ ಸಿಗುವುದೇ ಕಷ್ಟ. ಹಾಗೆಯೇ ಜಾವಾ ಗೊಂಬೆ ಮೊದಲು ಪ್ಲಾಸ್ಟಿಕ್ ಕೇಪಿನಲ್ಲಿ ಬಂದು, ಆಮೇಲೆ ಬಟ್ಟೆಯದಕ್ಕೆ ಬದಲಾಯಿತು. ಪ್ಲಾಸ್ಟಿಕ್ ಕೇಪಿನದ್ದು ದುಬಾರಿ, ಅದಕ್ಕೇ ಬೆನ್ ಕೆನೋಬಿಯ ಕೇಪನ್ನು ಕತ್ತರಿಸಿ ಜಾವಾಗೆ ತೊಡಿಸಿ ಮೋಸ ಮಾಡುವವರು ಬಹಳ.

ಇನ್ನೊಂದು ದಾರಿ, ಕೊನೆಯ ಹದಿನೇಳು ಗೊಂಬೆಗಳು. 1985ರ ಹೊತ್ತಿಗೆ ಮಕ್ಕಳ ಆಸೆ ಬೇರೆ ಕಡೆ ತಿರುಗಿತ್ತು, ಕಡಿಮೆ ತಯಾರಾದವು, ಹೀಗಾಗಿ ಈಗ ಅಪರೂಪ. ಇವುಗಳಲ್ಲಿ ಯಾಕ್ ಫೇಸ್ ಅನ್ನುವುದು ಅಮೆರಿಕದ ಅಂಗಡಿಗೆ ಬರಲೇ ಇಲ್ಲ. ನನ್ನನ್ನು ಕೇಳಿದರೆ ಎರಡನೇ ದಾರಿಯೇ ಒಳ್ಳೆಯದು. ಮೊದಲ ದಾರಿಯಲ್ಲಿ ಪೂರ್ತಿ ಬೆಲೆ ಒಂದು ಕಡ್ಡಿಯಷ್ಟು ಪ್ಲಾಸ್ಟಿಕ್ ಮೇಲೆ ನಿಂತಿದೆ, ನಕಲಿ ಮಾಡುವವರಿಗೆ ಅದು ಸುಲಭ. ಇಡೀ ಗೊಂಬೆಯನ್ನೇ ನಕಲು ಮಾಡುವುದು ಅಷ್ಟು ಸುಲಭ ಅಲ್ಲ. ಇನ್ನು ರಾಕೆಟ್ ಹಾರಿಸುವ ಬೋಬಾ ಫೆಟ್, ಅಂಗಡಿಗೇ ಬರದ ಮಾದರಿ, ಅದನ್ನು ಮರೆತುಬಿಡಿ. ಒಂದು 2024ರಲ್ಲಿ 5 ಲಕ್ಷ ಡಾಲರಿಗೂ ಮೀರಿ ಹರಾಜಾಗಿದೆ. 'ಅಸಲಿ' ಎಂದು ಯಾರಾದರೂ ಕೆಲವು ಸಾವಿರಕ್ಕೆ ತೋರಿಸಿದರೆ ಅದು ನಕಲಿಯೇ.

ಟ್ರಾನ್ಸ್‌ಫಾರ್ಮರ್ಸ್ (ಮಡಚಿ ಬೇರೆ ಆಕಾರ ಮಾಡಬಹುದಾದ ರೋಬೋ ಗೊಂಬೆಗಳು) ಕಡೆ ಬಂದರೆ ಮನಸ್ಸು ಹೌದು ಅನ್ನುತ್ತದೆ, ಮಳೆ ಬೇಡ ಅನ್ನುತ್ತದೆ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋ ಚೇಂಜ್ ಆಟಿಕೆಗಳನ್ನು ತಂದು ಹ್ಯಾಸ್‌ಬ್ರೋದವರು 1984ರಲ್ಲಿ ಈ ಹೆಸರಿನಲ್ಲಿ ಮಾರಿದರು. ಮೊದಲ ವರ್ಷಗಳವು ಕೈಯಲ್ಲಿ ಹಿಡಿದರೆ ತೂಕ ಬೇರೆಯೇ, ಯಾಕೆಂದರೆ ಅಚ್ಚು ಹೊಯ್ದ ಲೋಹದ ಭಾಗಗಳಿವೆ. ಜೊತೆಗೆ ಉಕ್ಕಿನ ಪಿನ್ನು, ಸ್ಕ್ರೂ, ಹೊಳೆಯುವ ಕ್ರೋಮ್ ಲೇಪ, ಮೈತುಂಬ ಸ್ಟಿಕ್ಕರ್. ಕೊಡಗಿನ ತೇವ ಇಷ್ಟಪಡುವ ವಸ್ತುವೆಲ್ಲ ಒಂದೇ ಗೊಂಬೆಯಲ್ಲಿ ಸೇರಿದೆ. ಸ್ಕ್ರೂ ತಲೆಯಲ್ಲಿ ಶುರುವಾದ ತುಕ್ಕು ಪಕ್ಕದ ಬಿಳಿ ಪ್ಲಾಸ್ಟಿಕ್ಕಿಗೆ ಕಂದು ಕಲೆಯಾಗಿ ಇಳಿಯುತ್ತದೆ, ಆ ಕಲೆ ಹೋಗುವುದಿಲ್ಲ. 80ರ ದಶಕದ ಕೊನೆಯ ಕೆಲವು ಗೊಂಬೆಗಳಲ್ಲಿ ಬಳಸಿದ ಚಿನ್ನದ ಮಿನುಗಿನ ಪ್ಲಾಸ್ಟಿಕ್ ಅಂತೂ ಎಲ್ಲಿಟ್ಟರೂ ತಾನಾಗಿಯೇ ಪುಡಿಯಾಗುತ್ತದೆ. ಅಂಥದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ. ಈ ಸಾಲಿನ ಮೆಗಾಟ್ರಾನ್ ಗೊಂಬೆಯ ಬಗ್ಗೆ ಇನ್ನೊಂದು ಮಾತು: ಅದು ಮಡಚಿದರೆ ವಾಲ್ಥರ್ ಪಿ38 ಪಿಸ್ತೂಲಿನ ಆಕಾರ. ಪಾರ್ಸೆಲ್ ಎಕ್ಸ್‌ರೇಯಲ್ಲಿ ಹಾಗೇ ಕಾಣುತ್ತದೆ. ಹೊರದೇಶದಿಂದ ತರಿಸುವ ಯೋಚನೆ ಬಿಡಿ.

ಮೀಗೋ ಕಂಪನಿಯ ಮೈಕ್ರೋನಾಟ್ಸ್ 1976ರಿಂದ 1980ರವರೆಗೆ ಬಂದವು. ಇವೂ ಟಕಾರಾ ಮೂಲದವು, 1974ರ ಮೈಕ್ರೋಮ್ಯಾನ್‌ನಿಂದ ಹುಟ್ಟಿದವು. ಗಾಜಿನಂಥ ಪಾರದರ್ಶಕ ಮೈ, ಹೊಳೆಯುವ ತಲೆ, ಆ ಕಾಲಕ್ಕೆ ನಂಬಲಾಗದಷ್ಟು ಕೀಲು. ಸೌಂದರ್ಯದಲ್ಲಿ ನನ್ನ ಮಟ್ಟಿಗೆ ಇವೇ ಮೊದಲು. ಆದರೆ ಪಾರದರ್ಶಕ ಪ್ಲಾಸ್ಟಿಕ್ ಕೀಲಿನ ಹತ್ತಿರ ಬಿರುಕು ಬಿಡುತ್ತದೆ. ಕೊಂಡರೆ ಒಂದು ಭಂಗಿಯಲ್ಲಿ ನಿಲ್ಲಿಸಿ, ಮತ್ತೆ ಕೈಕಾಲು ಆಡಿಸಬೇಡಿ. ಮ್ಯಾಟೆಲ್‌ನವರ 1966ರ ಮೇಜರ್ ಮ್ಯಾಟ್ ಮೇಸನ್ ಇನ್ನೂ ನಾಜೂಕು. ಚಂದ್ರನ ಮೇಲೆ ಮನುಷ್ಯ ಇಳಿಯುವ ಮೊದಲೇ ಬಂದ ಚಂದ್ರಯಾತ್ರಿ ಗೊಂಬೆ, ಇತಿಹಾಸದ ದೃಷ್ಟಿಯಿಂದ ಅಮೂಲ್ಯ. ಆದರೆ ರಬ್ಬರ್ ಮೈಯೊಳಗೆ ತಂತಿ ಇದೆ. ಬಗ್ಗಿಸಿದಷ್ಟೂ ತಂತಿ ತುಂಡಾಗುತ್ತದೆ. ನಮ್ಮಲ್ಲಿ ಬೇಡ.

ವಿದೇಶದ್ದೋ, ನಮ್ಮಲ್ಲೇ ತಯಾರಾದದ್ದೋ

ಇಲ್ಲಿ ಕೊಡಗಿನವರಿಗೆ, ಒಟ್ಟಿನಲ್ಲಿ ಭಾರತದವರಿಗೆ, ಒಂದು ಅನುಕೂಲ ಇದೆ. ನಾವು ಅದನ್ನು ಸರಿಯಾಗಿ ಬಳಸಿಕೊಂಡಿಲ್ಲ.

ಹೊರದೇಶದಿಂದ ತರಿಸಿದರೆ ಗೊಂಬೆಯ ಬೆಲೆ ಅಲ್ಲಿಗೆ ಮುಗಿಯುವುದಿಲ್ಲ. ಆಟಿಕೆಯ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಕೊಳ್ಳುವ ದಿನದ ದರ ನೋಡಿಕೊಂಡೇ ಹೆಜ್ಜೆ ಇಡಿ. ಸುಂಕವನ್ನು ಗೊಂಬೆಯ ಬೆಲೆಗಷ್ಟೇ ಹಾಕುವುದಿಲ್ಲ, ಸಾಗಣೆ ಖರ್ಚು ಸೇರಿಸಿ ಹಾಕುತ್ತಾರೆ. ಇದರ ಜೊತೆಗೆ 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. 1980ರ ಗೊಂಬೆಗೆ ಅದೆಲ್ಲಿಂದ ಬರಬೇಕು? ಪಾರ್ಸೆಲ್ ತಡೆದು ನಿಲ್ಲಿಸಿದರೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

ಈಗ ಇತ್ತ ನೋಡಿ. ಮ್ಯಾಟೆಲ್‌ನವರು 1982ರಲ್ಲಿ ಶುರು ಮಾಡಿದ ಹೀ-ಮ್ಯಾನ್ ಗೊಂಬೆಗಳನ್ನು ಇಲ್ಲಿ ಲಿಯೋ ಕಂಪನಿ ತಯಾರಿಸಿ ಮಾರಿತು. ಕತ್ತಿ, ಮಂತ್ರದ ಜೊತೆ ಲೇಸರ್, ರೋಬೋ, ಬೇರೆ ಗ್ರಹ ಎಲ್ಲಾ ಸೇರಿದ ಲೋಕ ಅದು. ದೂರದರ್ಶನದ ಕಾಲದ ನಮ್ಮ ಮಕ್ಕಳಿಗೆ ಲ್ಯೂಕ್‌ಗಿಂತ ಹೀ-ಮ್ಯಾನೇ ಹತ್ತಿರ. 1987ರಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಕೂಡಿ ಕಟ್ಟಿದ ಫನ್‌ಸ್ಕೂಲ್, ಗೋವಾದ ಕಾರ್ಖಾನೆಯಲ್ಲಿ ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳನ್ನು ತಯಾರಿಸಿತು. ಅಚ್ಚು ಹ್ಯಾಸ್‌ಬ್ರೋದ್ದೇ, ಬಣ್ಣ ಮಾತ್ರ ಎಷ್ಟೋ ಸಲ ಇಲ್ಲಿಯದು. ಅಮೆರಿಕದಲ್ಲಿ ಹಸಿರು ತೊಟ್ಟವನು ಇಲ್ಲಿ ಬೇರೆಯೇ ಬಣ್ಣದಲ್ಲಿ ಬಂದಿರಬಹುದು. ಅದೇ ಕಾರಣಕ್ಕೆ ಈ ಎರಡೂ ಭಾರತೀಯ ಸಾಲುಗಳನ್ನು ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅವರಿಗೆ ಅದು ಅಪರೂಪ. ನಮಗೆ ಅದು ದೊಡ್ಡಪ್ಪನ ಮನೆಯ ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ, ಊಟಿಯ ಬೋರ್ಡಿಂಗ್ ಶಾಲೆಗೆ ಹೋಗಿ ಬಂದ ಅಣ್ಣನ ಕಪಾಟಿನಲ್ಲಿ ಸಿಗಬಹುದಾದ ವಸ್ತು. ಸೈನ್ಯದಲ್ಲಿದ್ದವರ ಮನೆಗಳಲ್ಲಿ, ಗಲ್ಫಿನಿಂದ ಬಂದವರ ಮನೆಗಳಲ್ಲಿ ಕೇಳಿ ನೋಡಿ. ಪುತ್ತರಿಗೆ ಎಲ್ಲರೂ ಐನ್‌ಮನೆಯಲ್ಲಿ ಸೇರಿದಾಗ ಕೇಳಲು ಒಳ್ಳೆಯ ಸಮಯ. ಸಿಕ್ಕಿದರೆ ನ್ಯಾಯವಾದ ಬೆಲೆ ಹೇಳಿ ತೆಗೆದುಕೊಳ್ಳಿ. ಮನೆಯವರಿಗೆ ಬೆಲೆ ಗೊತ್ತಿಲ್ಲ ಎಂದು ಕಡಿಮೆಗೆ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ.

ಇವೆರಡರಲ್ಲಿ ಯಾವುದು? ಹೀ-ಮ್ಯಾನ್ ದಪ್ಪ ಗೊಂಬೆ, ಐದೂವರೆ ಇಂಚು, ತೊಳೆಯಲು ಸುಲಭ. ಕಾಲುಗಳನ್ನು ಒಳಗೆ ರಬ್ಬರ್ ಹಿಡಿದಿರುತ್ತದೆ, ಅದು ಸಡಿಲವಾದರೆ ಗೊಂಬೆ ನಿಲ್ಲುವುದಿಲ್ಲ, ಕಾಲು ಜೋಲಾಡುತ್ತದೆ. ಜಿ.ಐ. ಜೋ ಒಳಗೆ ಒಂದು ಸಣ್ಣ ರಬ್ಬರ್ ಉಂಗುರ ಇದೆ, ಸೊಂಟ ಹಿಡಿದಿರುವುದು ಅದೇ. ಹಳೆಯದಾದರೆ ತುಂಡಾಗಿ ಗೊಂಬೆ ಎರಡಾಗುತ್ತದೆ. ನೋಡಿ ಗಾಬರಿಯಾಗಬೇಡಿ. ಬೆನ್ನಿನ ಒಂದೇ ಸ್ಕ್ರೂ ಬಿಚ್ಚಿ ಹೊಸ ಉಂಗುರ ಹಾಕಿದರೆ ಮೊದಲಿನಂತೆ ಆಗುತ್ತದೆ, ಅದನ್ನು ಯಾರೂ ದೋಷ ಎಂದು ಎಣಿಸುವುದಿಲ್ಲ. ಹೆಬ್ಬೆರಳು ಮುರಿದಿದ್ದರೆ ಮಾತ್ರ ಬಿಡಿ, ಅದಕ್ಕೆ ಮದ್ದಿಲ್ಲ. ಬೆನ್ನಿನ ಸ್ಕ್ರೂ ತುಕ್ಕು ಹಿಡಿದಿದೆಯೇ ಎಂದೂ ನೋಡಿ. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಲಿಯೋ ಹೀ-ಮ್ಯಾನ್ ಕಡೆ. ಜಿ.ಐ. ಜೋ ಬಂದೂಕುಗಳು ಸಣ್ಣವು, ಕಳೆದೇ ಹೋಗಿರುತ್ತವೆ. ಹೀ-ಮ್ಯಾನ್ ಕತ್ತಿ, ಕವಚ ದೊಡ್ಡದು, ಉಳಿದಿರುವ ಸಾಧ್ಯತೆ ಹೆಚ್ಚು.

ಅಸಲಿಯೋ, ರಿಪ್ರೋ ಆಯುಧವೋ

ಕೆನ್ನರ್ ಗೊಂಬೆ ಕೈಗೆ ಬಂದರೆ ಮೊದಲು ಬೆನ್ನು ಮೇಲೆ ಮಾಡಿ. ಕಾಲಿನ ಹಿಂದೆ ಸಣ್ಣ ಉಬ್ಬಕ್ಷರ ಇರುತ್ತದೆ. ಮೊದಲ ಹನ್ನೆರಡರಲ್ಲಿ 'ಜಿಎಂಎಫ್‌ಜಿಐ 1977', ಕೆನ್ನರ್‌ನ ಒಡೆಯರಾಗಿದ್ದ ಜನರಲ್ ಮಿಲ್ಸ್‌ನ ಆಟಿಕೆ ವಿಭಾಗದ ಗುರುತು. 1978, 1979ರಲ್ಲಿ ಸೇರಿದವುಗಳಲ್ಲೂ ಅದೇ ಗುರುತು, ಇಸವಿ ಮಾತ್ರ ಬೇರೆ. 1980ರಿಂದ ಬಂದವುಗಳಲ್ಲಿ ಸಿನಿಮಾ ತಯಾರಿಸಿದ ಲ್ಯೂಕಾಸ್‌ಫಿಲ್ಮ್‌ನ ಗುರುತಾದ 'ಎಲ್‌ಎಫ್‌ಎಲ್'. ಜೊತೆಗೆ ಹಾಂಗ್‌ಕಾಂಗ್, ತೈವಾನ್, ಮಕಾವು ಎಂದು ದೇಶದ ಹೆಸರು. ದೇಶದ ಹೆಸರು ಇಲ್ಲದ ಅಸಲಿ ಗೊಂಬೆಗಳೂ ಇವೆ, ಅದೊಂದನ್ನೇ ನೋಡಿ ನಕಲಿ ಅನ್ನಬೇಡಿ. ಭೂತಕನ್ನಡಿ ಹಿಡಿದು ಅಕ್ಷರದ ಅಂಚು ನೋಡಿ. ಅಸಲಿಯಲ್ಲಿ ಚೂಪಾಗಿರುತ್ತದೆ. ಗೊಂಬೆಯಿಂದಲೇ ಅಚ್ಚು ತೆಗೆದ ನಕಲಿಯಲ್ಲಿ ಕರಗಿದಂತೆ ಮೊಂಡಾಗಿರುತ್ತದೆ.

ಕಷ್ಟ ಇರುವುದು ಆಯುಧದಲ್ಲಿ. ಗೊಂಬೆ ಅಸಲಿ, ಕೈಯಲ್ಲಿರುವ ಬಂದೂಕು ಮೊನ್ನೆ ತಯಾರಾದ ನಕಲು, ಅದನ್ನೇ ರಿಪ್ರೋ ಅನ್ನುವುದು. ಇದು ಬಹಳ ಸಾಮಾನ್ಯ. ನೀರಿನಲ್ಲಿ ಹಾಕಿ ನೋಡಿ, ತೇಲಿದರೆ ಅಸಲಿ ಎಂದು ಹೇಳುವವರಿದ್ದಾರೆ. ಎಷ್ಟೋ ಅಸಲಿ ತೇಲುತ್ತವೆ ನಿಜ, ಆದರೆ ಮುಳುಗುವ ಅಸಲಿಗಳೂ ಇವೆ. ಪರೀಕ್ಷೆ ಒಂದೇ ಸಾಲದು. ಮೇಜಿನ ಮೇಲೆ ಬೀಳಿಸಿದಾಗ ಬರುವ ಸದ್ದು, ಬೆಳಕಿಗೆ ಹಿಡಿದಾಗಿನ ಬಣ್ಣ, ಅಚ್ಚಿನ ಗೆರೆ ಎಲ್ಲಾ ಸೇರಿಸಿ ನೋಡಬೇಕು. ಆಯುಧವಿಲ್ಲದ ಗೊಂಬೆಯನ್ನು ಕಡಿಮೆ ಬೆಲೆಗೆ ಕೊಂಡು ಅಸಲಿ ಆಯುಧ ಆಮೇಲೆ ಸೇರಿಸುತ್ತೇನೆ ಅಂದರೆ ಹೆಚ್ಚಿನ ಸಲ ಪೂರ್ತಿ ಗೊಂಬೆಗಿಂತ ಜಾಸ್ತಿ ಖರ್ಚಾಗುತ್ತದೆ. ಸುಮ್ನೆ ಕಪಾಟಿನಲ್ಲಿಟ್ಟು ನೋಡುವ ಆಸೆ ಇದ್ದವರು ರಿಪ್ರೋ ಹಿಡಿಸಲಿ, ತಪ್ಪೇನಿಲ್ಲ. ಮಾರುವಾಗ ಅದನ್ನು ಹೇಳಿ ಮಾರಬೇಕು, ಅಷ್ಟೇ.

ಎಲ್ಲಿಡುವುದು

ಮೂರು ಆಯ್ಕೆ. ಗಾಜಿನ ಶೋಕೇಸ್ ಚೆಂದ, ಆದರೆ ಬಾಗಿಲಿನ ಸಂದಿಯಿಂದ ತೇವ ಒಳಗೆ ಬರುತ್ತದೆ. ಬೇಸಿಗೆಗೆ ಸರಿ. ಮಳೆಗಾಲಕ್ಕೆ ಗೊಂಬೆಗಳನ್ನು ಅಲ್ಲಿಂದ ಇಳಿಸಿ.

ಎರಡನೆಯದು ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ತೇವಮಾಪಕ. ಬಿಡಿ ಗೊಂಬೆಗೆ ಇದು ಧಾರಾಳ ಸಾಕು. ಕಾಫಿ ಒಣಗಿಸಿ ತೇವ ನೋಡಿ ಚೀಲ ಕಟ್ಟುವವರಿಗೆ ಈ ಕೆಲಸ ಹೊಸದಲ್ಲ. ಬಣ್ಣ ಬದಲಾಗುವ ಜೆಲ್ ತೆಗೆದುಕೊಳ್ಳಿ, ಕಿತ್ತಳೆ ಬಣ್ಣದ್ದು. ಹಸಿರಾದರೆ ಓವನ್‌ನಲ್ಲಿ ಮತ್ತೆ ಒಣಗಿಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಗೊಂಬೆಗಳನ್ನು ಒಂದಕ್ಕೊಂದು ತಾಗದಂತೆ ಇಡಿ, ಮೆತ್ತನೆಯ ಪ್ಲಾಸ್ಟಿಕ್ ಪಕ್ಕದ ಗೊಂಬೆಯ ಬಣ್ಣ ಕರಗಿಸುತ್ತದೆ. ಬಟ್ಟೆಯ ಕೇಪುಗಳನ್ನು ಬೇರೆ ಮಡಚಿಡಿ, ಬೂಷ್ಟು ಮೊದಲು ಹಿಡಿಯುವುದು ಅವಕ್ಕೇ.

ಮೂರನೆಯದು ಕ್ಯಾಮೆರಾದವರು ಇಟ್ಟುಕೊಳ್ಳುವ ವಿದ್ಯುತ್ ಡ್ರೈ ಕ್ಯಾಬಿನೆಟ್. ಕಾರ್ಡು, ಸ್ಟಿಕ್ಕರ್, ಲೋಹ ಇರುವ ಗೊಂಬೆಗೆ ಇದೇ ಬೇಕು. ತೇವ ಶೇ 45ರಿಂದ 50ರ ನಡುವೆ ಇಡಿ. ತೀರಾ ಒಣಗಿಸಿದರೆ ರಟ್ಟು ಪೆಡಸಾಗುತ್ತದೆ. ಕರೆಂಟು ಹೋದರೂ ಬಾಗಿಲು ತೆರೆಯದಿದ್ದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಆದರೆ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಹೋಗುವುದೂ ಉಂಟು. ಒಳಗೆ ಸಿಲಿಕಾ ಜೆಲ್ ಕೂಡ ಇಟ್ಟಿರಿ.

ಬಟ್ಟೆ ಬೆಚ್ಚಗಿಡಲು ಅಲ್ಮೇರಾದೊಳಗೆ ಬಲ್ಬು ಉರಿಸುವ ಅಭ್ಯಾಸ ನಮ್ಮಲ್ಲಿದೆ. ಗೊಂಬೆಗೆ ಅದು ಬೇಡ, ಶಾಖಕ್ಕೆ ಕೈಕಾಲು ಬಾಗುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಅಲ್ಲಿನ ಹೊಗೆ ಬಿಳಿ ಗೊಂಬೆಯನ್ನು ಶಾಶ್ವತವಾಗಿ ಕಂದು ಮಾಡುತ್ತದೆ.

ಯಾವಾಗ ತರಿಸುವುದು

ನಮ್ಮ ಜಿಲ್ಲೆಗೆ ರೈಲಿಲ್ಲ, ಪಾರ್ಸೆಲ್ ಬರುವುದು ರಸ್ತೆಯಲ್ಲೇ. ಮೈಸೂರಿನ ಕಡೆಯಿಂದಲೋ, ಮಂಗಳೂರು ಘಾಟಿಯಿಂದಲೋ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಅಂಥ ದೊಡ್ಡ ಅನಾಹುತ ಇಲ್ಲದಿದ್ದರೂ ಜುಲೈನಲ್ಲಿ ರಟ್ಟಿನ ಪೆಟ್ಟಿಗೆ ಒದ್ದೆಯಾಗದೆ ಮನೆ ಸೇರುವುದು ಅಪರೂಪ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ತರಿಸಿಕೊಳ್ಳಿ. ಮಳೆಗಾಲದಲ್ಲಿ ಬಿಡಲಾಗದ ಗೊಂಬೆ ಸಿಕ್ಕಿತು ಅಂದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ನೆಂಟರ ವಿಳಾಸಕ್ಕೆ ತರಿಸಿ, ಊರಿಗೆ ಬರುವಾಗ ಡಬ್ಬಿಯಲ್ಲಿಟ್ಟು ತರಲು ಹೇಳಿ. ದುಡ್ಡು ಕಳಿಸುವ ಮೊದಲು ಮಾರುವವರಿಂದ ನಾಲ್ಕು ಫೋಟೋ ಕೇಳಿ: ಕಾಲಿನ ಹಿಂದಿನ ಅಕ್ಷರ, ಆಯುಧದ ಎರಡೂ ಬದಿ, ಕೀಲುಗಳ ಹತ್ತಿರದ ನೋಟ, ಹಗಲು ಬೆಳಕಿನಲ್ಲಿ ಪೂರ್ತಿ ಗೊಂಬೆ. ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.